‘ಕೆಟ್ಟ ಕಾಳೂ ನಡೆಯುತ್ತೆ’ ಅಂದಿದ್ದೆ

ಇವತ್ತಿನ ಮಾತು ಒಂದು ತಪ್ಪೊಪ್ಪಿಗೆಯಿಂದ ಶುರುವಾಗುತ್ತೆ. ತಪ್ಪು ನನ್ನದೇ. ಅದೂ ಲೈವ್‌ನಲ್ಲಿ ಆಡಿದ ಮಾತು.

2025ರ ನವೆಂಬರ್. ಮೆಕ್ಕೆಜೋಳದ ಬೆಲೆ ನೆಲಕಚ್ಚಿತ್ತು. ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಮಾರುಕಟ್ಟೆಯಲ್ಲಿ ರೈತರ ಕೈಗೆ ಬರುತ್ತಿದ್ದದ್ದು 1,600ರಿಂದ 1,800. ರಾಜ್ಯದಲ್ಲಿ 54 ಲಕ್ಷ ಟನ್‌ಗೂ ಹೆಚ್ಚು ಫಸಲು ಬಂದಿದೆ, ಕೊಳ್ಳುವವರಿಲ್ಲ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆದಿದ್ದರು. ನಮ್ಮ ಸ್ಟುಡಿಯೋದಲ್ಲಿ ರಾತ್ರಿ ಒಂಬತ್ತರ ಚರ್ಚೆ. ಒಬ್ಬರು ದೆಹಲಿಯತ್ತ ಬೊಟ್ಟು ಮಾಡಿದರು, ಇನ್ನೊಬ್ಬರು ವಿಧಾನಸೌಧದತ್ತ. ಮಧ್ಯೆ ನಾನು ಜಾಣತನದ ಒಂದು ಮಾತು ತೇಲಿಬಿಟ್ಟೆ: ‘ಎಥೆನಾಲ್‌ಗೆ ತಾನೇ? ಮಳೆಗೆ ನೆನೆದು ಬೂಸ್ಟು ಹಿಡಿದ ಕಾಳಾದರೂ ನಡೆಯುತ್ತೆ. ಕೊಳೆಸಿಯೇ ಅಲ್ವಾ ಅದನ್ನು ಮಾಡೋದು? ಕಾರ್ಖಾನೆಯವರಿಗೆ ಕೊಳ್ಳೋಕೆ ಏನು ಕಷ್ಟ?’

ಚಪ್ಪಾಳೆ ಬೀಳುವಂಥ ಮಾತು. ಅರ್ಧ ಮಾತ್ರ ನಿಜ.

ನಾಲ್ಕು ದಿನದ ಮೇಲೆ ಕಮಲಾಪುರದಿಂದ ಫೋನು ಬಂತು. ವಯಸ್ಸಾದ ದನಿ. ‘ಸರ, ನೀವು ಹೇಳಿದ್ದು ಕೇಳಿ ಒಣಗಸ್ಲಾರದೇ ಮಾಲು ಗಾಡಿಗೆ ಹಾಕ್ಕೊಂಡು ಹೋದೆ ರಿ. ಗೇಟಿನಾಗೇ ವಾಪಸ್ ಕಳಿಸಿದ್ರು. ಬೂಸ್ಟ್ ಬಂದದ, ಬ್ಯಾಡ ಅಂದ್ರು. ಕಡೀಕ ಕಲಬುರಗಿ ಗಂಜಿನಾಗ ಬಂದಷ್ಟಕ್ಕ ಕೊಟ್ಟು ಬಂದೆ. ನೀವು ಖರೇ ಹೇಳಿದ್ರೋ, ಅವರು ಖರೇ ಹೇಳಿದ್ರೋ?’

ಆ ಕ್ಷಣಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನೂ ಕಲಬುರಗಿಯವನೇ. ಎಳ್ಳಮವಾಸ್ಯೆಗೆ ಊರಿಗೆ ಬರ್ತೀನಿ, ಬಂದಾಗ ನಿಮ್ಮ ಹೊಲಕ್ಕೇ ಬರ್ತೀನಿ ಅಂದೆ. ಹೋದೆ ಕೂಡ.

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಮುಕ್ಕಾಲು ಗಂಟೆಯಲ್ಲಿ ಕಮಲಾಪುರ. ಕೆಂಪು ಬಾಳೆಗೆ ಹೆಸರಾದ ಊರು. ಆ ಬಾಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದೆ. ಕಾಕಾನ ಹೊಲದಲ್ಲಿ ಬಾಳೆ ಇಲ್ಲ. ತೊಗರಿ ಇದೆ, ಜೋಳ ಇದೆ. ಎಥೆನಾಲ್ ಸುದ್ದಿ ಕೇಳಿ ಎರಡು ವರ್ಷದಿಂದ ಮೆಕ್ಕೆಜೋಳವನ್ನೂ ಹಾಕುತ್ತಿದ್ದಾರೆ. ಹೊಲದ ತುಂಬ ಬಂಧು ಬಳಗ, ಚರಗ ಚೆಲ್ಲಿ ಊಟಕ್ಕೆ ಕೂತಿದ್ದರು. ಸಜ್ಜೆ ಕಡುಬು, ಭಜ್ಜಿ, ಜೊತೆಗೆ ಮಣ್ಣಿನ ಗಡಿಗೆಯಲ್ಲಿ ಅಂಬಲಿ. ನನ್ನನ್ನು ‘ಸರ’ ಅನ್ನುತ್ತಿದ್ದ ಕಾಕಾ ಎಲೆಯ ಮುಂದೆ ಕೂರಿಸಿದ ಮೇಲೆ ‘ತಮ್ಮಾ’ ಅನ್ನಲು ಶುರು ಮಾಡಿದರು. ಅದು ಸ್ವಲ್ಪ ಧೈರ್ಯ ಕೊಟ್ಟಿತು.

ಅಂಬಲಿ ಬಹಳ ಚೆನ್ನಾಗಿತ್ತು. ಹದವಾದ ಹುಳಿ. ಕಾಕಿಯನ್ನು ಕೇಳಿದೆ, ಈ ಹದ ಹೇಗೆ ಬರುತ್ತೆ ಅಂತ. ಅವರು ಅಂದರು: ‘ಗಡಿಗಿ ಸ್ವಚ್ಛ ಇರಬೇಕ್ರಿ. ನಿನ್ನಿದು ತಳದಾಗ ಉಳದಿರಬಾರದು. ಬಿಸಿಲಿಗಿ ಇಡಬಾರದು. ರಾತ್ರಿ ಇಟ್ರ ಮುಂಜಾನಿ ತೆಗದು ಬಿಡಬೇಕು. ಸ್ವಲ್ಪ ತಡ ಆತಂದ್ರ ಹುಳಿ ಕಿತ್ತು ಬಾಯಿಗಿ ಹಚ್ಚಲಿಕ್ಕ ಬರಂಗಿಲ್ಲ.’

ಅವತ್ತು ರಾತ್ರಿ ಕಲಬುರಗಿಯಲ್ಲಿ, ಅಪ್ಪನ ಕೆರೆಯ ದಂಡೆಯಲ್ಲಿ ನನ್ನ ಹಳೆಯ ಕ್ಲಾಸ್‌ಮೇಟ್ ಸಿಕ್ಕ. ಇಪ್ಪತ್ತು ವರ್ಷದಿಂದ ಡಿಸ್ಟಿಲರಿಗಳಲ್ಲಿ ಕೆಮಿಸ್ಟ್. ಕಾಕಿ ಹೇಳಿದ್ದನ್ನು ಅವನಿಗೆ ಹೇಳಿದೆ. ಅವನು ನಕ್ಕುಬಿಟ್ಟ. ‘ಲೇ, ನಾ ಇಪ್ಪತ್ತು ವರ್ಷ ಮಾಡ್ಲಿಕತ್ತಿದ್ದು ಅದೇ ಕೆಲಸ. ಅವರ ಗಡಿಗಿ ಸಣ್ಣದು, ನಮ್ಮ ಟ್ಯಾಂಕ್ ಹತ್ತು ಲಕ್ಷ ಲೀಟರಿಂದು. ಅಷ್ಟೇ ಫರಕು.’

ಇಲ್ಲಿಂದ ಮುಂದೆ ನಾನು ಬರೆಯುವುದರಲ್ಲಿ ಬಹುಪಾಲು ಅವನು ಕಲಿಸಿದ ಪಾಠ. ಲೆಕ್ಕ ಮಾತ್ರ ನಾನು ಹಾಕಿದ್ದು.

ಮೊದಲು ಎಥೆನಾಲ್ ಹೇಗಾಗುತ್ತೆ ಅಂತ ನೋಡೋಣ. ಮೆಕ್ಕೆಜೋಳದಲ್ಲಿ ಮುಕ್ಕಾಲಿಗೆ ಸ್ವಲ್ಪ ಕಡಿಮೆ ಭಾಗ ಪಿಷ್ಟ, ಅಂದರೆ ನಮ್ಮ ಗಂಜಿಯಲ್ಲಿರುವ ವಸ್ತು. ನಮ್ಮಲ್ಲಿ ಸಿಗುವ ಕಾಳಿಗೆ ಲೆಕ್ಕಕ್ಕಾಗಿ ಶೇಕಡಾ 62 ಅಂತ ಇಟ್ಟುಕೊಳ್ಳಿ. ಕಾಳನ್ನು ಹಿಟ್ಟು ಮಾಡಿ, ನೀರಲ್ಲಿ ಕಲಸಿ, 85–90 ಡಿಗ್ರಿಗೆ ಕಾಯಿಸಿ ಅಂಬಲಿಯಂತೆ ಮಾಡುತ್ತಾರೆ. ಈ ಅಂಬಲಿಯಲ್ಲಿ ಪಿಷ್ಟ ಇದೆ, ಸಕ್ಕರೆ ಇಲ್ಲ. ಮದ್ಯಸಾರ ಮಾಡುವ ಯೀಸ್ಟ್ ಎಂಬ ಸೂಕ್ಷ್ಮಜೀವಿಗೆ ಪಿಷ್ಟ ತಿನ್ನಲು ಬರುವುದಿಲ್ಲ, ಸಕ್ಕರೆಯೇ ಬೇಕು. ಅದಕ್ಕೇ ಎರಡು ಕಿಣ್ವಗಳನ್ನು ಹಾಕುತ್ತಾರೆ. ಮೊದಲನೆಯದು ಪಿಷ್ಟದ ಉದ್ದ ಸರಪಳಿಯನ್ನು ತುಂಡರಿಸುತ್ತೆ. ಎರಡನೆಯದು ಆ ತುಂಡುಗಳ ತುದಿಯಿಂದ ಒಂದೊಂದೇ ಗ್ಲೂಕೋಸ್ ಕಣ ಬಿಡಿಸಿ ಕೊಡುತ್ತೆ. ನಂಬಿಕೆ ಬರಲಿಲ್ಲವಾ? ಜೋಳದ ರೊಟ್ಟಿಯ ಒಂದು ತುತ್ತನ್ನು ನುಂಗದೆ ಎರಡು ನಿಮಿಷ ಅಗಿಯಿರಿ. ಬಾಯಿ ಸಿಹಿಯಾಗುತ್ತೆ. ನಿಮ್ಮ ಎಂಜಲಿನಲ್ಲೂ ಅದೇ ಜಾತಿಯ ಕಿಣ್ವ ಇದೆ.

ಆಮೇಲೆ ಅಂಬಲಿಯನ್ನು 32 ಡಿಗ್ರಿ ಆಸುಪಾಸಿಗೆ ತಣಿಸಿ ದೊಡ್ಡ ಟ್ಯಾಂಕಿಗೆ ಬಿಟ್ಟು ಯೀಸ್ಟ್ ಹಾಕುತ್ತಾರೆ. ಎರಡು–ಮೂರು ದಿನ ಅದು ಸಕ್ಕರೆ ತಿಂದು ಎಥೆನಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತೆ. ಇದೇ ಹುದುಗುವಿಕೆ. ಭಟ್ಟಿ ಇಳಿಸಿ ನೀರು ತೆಗೆದರೆ ಪೆಟ್ರೋಲ್‌ಗೆ ಬೆರೆಸುವ ಎಥೆನಾಲ್. ಉಳಿದ ಗಷ್ಟನ್ನು ಒಣಗಿಸಿದರೆ ದನಕ್ಕೆ, ಕೋಳಿಗೆ ಮೇವು. ವ್ಯಾಪಾರದಲ್ಲಿ ಡಿಡಿಜಿಎಸ್ ಅಂತಾರೆ. ಹೆಚ್ಚೂಕಡಿಮೆ ಒಂದು ಕಾಳು ಮೂರು ಪಾಲಾಗುತ್ತೆ ಅಂದುಕೊಳ್ಳಿ: ಒಂದು ಪಾಲು ಎಥೆನಾಲ್, ಒಂದು ಪಾಲು ಗಾಳಿಗೆ ಹೋಗುವ ಅನಿಲ, ಒಂದು ಪಾಲು ಮೇವು.

ಭಟ್ಟಿ, ಬಾಯ್ಲರ್ ಎಲ್ಲ ದುಡ್ಡು ಕೊಟ್ಟರೆ ಸಿಗುವ ಯಂತ್ರಗಳು. ಲಾಭ-ನಷ್ಟ ತೀರ್ಮಾನವಾಗುವುದು ಹುದುಗುವ ಟ್ಯಾಂಕಿನಲ್ಲಿ. ಕಾಗದದ ಮೇಲಿನ ಲೆಕ್ಕದಲ್ಲಿ ಶೇಕಡಾ 62 ಪಿಷ್ಟ ಇರುವ ಒಂದು ಟನ್ ಕಾಳಿನಿಂದ ಸುಮಾರು 446 ಲೀಟರ್ ಎಥೆನಾಲ್ ಬರಬೇಕು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಹಿಡಿಯುವ ಲೆಕ್ಕ 380 ಲೀಟರ್. ದಶಕಗಳಿಂದ ಇದನ್ನೇ ಮಾಡಿಕೊಂಡು ಬಂದ ಅಮೆರಿಕದ ಕಾರ್ಖಾನೆಗಳು 420 ಲೀಟರ್ ಆಸುಪಾಸು ತೆಗೆಯುತ್ತವೆ. ಅವರ ಕಾಳೂ ಬೇರೆ ಅನ್ನಿ. ಆದರೂ ನಮ್ಮ 380ಕ್ಕೂ ಕಾಗದದ 446ಕ್ಕೂ ನಡುವೆ ಇರುವ 66 ಲೀಟರ್ ಎಲ್ಲಿ ಹೋಯಿತು?

ಸ್ವಲ್ಪ ಪಿಷ್ಟ ಕರಗದೆ ಗಷ್ಟಿನಲ್ಲೇ ಉಳಿಯುತ್ತೆ. ಹಿಟ್ಟು ದಪ್ಪ ಬೀಸಿದರೆ ಇದು ಹೆಚ್ಚು. ಸ್ವಲ್ಪವನ್ನು ಯೀಸ್ಟ್ ತನ್ನ ಮೈ ಬೆಳೆಸಿಕೊಳ್ಳಲು ಬಳಸುತ್ತೆ, ಕಷ್ಟಕ್ಕೆ ಸಿಕ್ಕಾಗ ಗ್ಲಿಸರಾಲ್ ಮಾಡಿಕೊಳ್ಳುತ್ತೆ. ಇನ್ನು ಸ್ವಲ್ಪವನ್ನು ಕಳ್ಳರು ತಿನ್ನುತ್ತಾರೆ.

ಈ ಕಳ್ಳರು ಯಾರು? ಕಾಕಿಯ ಅಂಬಲಿಗೆ ಹುಳಿ ತಂದವರೇ! ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳು. ಮೊಸರಿನಲ್ಲಿ, ಇಡ್ಲಿ ಹಿಟ್ಟಿನಲ್ಲಿ ನಮ್ಮ ಪಾಲಿಗೆ ದೇವರಂಥವು. ಎಥೆನಾಲ್ ಟ್ಯಾಂಕಿನಲ್ಲಿ ಅವೇ ಯೀಸ್ಟಿನ ತಟ್ಟೆಯಿಂದ ಸಕ್ಕರೆ ಕದ್ದು ಹುಳಿ ಮಾಡುತ್ತವೆ. ಅವು ಬೆಳೆಯುವ ವೇಗ ಯೀಸ್ಟಿಗಿಂತ ಹೆಚ್ಚು. ಹುಳಿ ಒಂದು ಮಟ್ಟ ದಾಟಿದರೆ ಯೀಸ್ಟೇ ಸೊರಗುತ್ತೆ, ಸಕ್ಕರೆ ಹಾಗೇ ಉಳಿದು ಹುದುಗು ಅರ್ಧಕ್ಕೇ ನಿಂತುಬಿಡುತ್ತೆ.

ಸ್ವಲ್ಪ ಹುಳಿ ಬಂದರೆ ಏನು ಮಹಾ ಅಂತ ಕೇಳಿದೆ. ಗೆಳೆಯ ಪೆನ್ನು ತೆಗೆದ. ಹತ್ತು ಲಕ್ಷ ಲೀಟರ್ ಟ್ಯಾಂಕಿನಲ್ಲಿ ಪ್ರತಿ ಲೀಟರಿಗೆ ಬರೀ 5 ಗ್ರಾಂ ಲ್ಯಾಕ್ಟಿಕ್ ಆಮ್ಲ ಹೆಚ್ಚಾಯಿತು ಅಂದುಕೊಳ್ಳಿ. ಒಟ್ಟು 5 ಟನ್ ಆಮ್ಲ. ಅದು ತಿಂದ ಸಕ್ಕರೆಯಿಂದ ಆಗಬೇಕಿದ್ದ ಎಥೆನಾಲ್ ಸುಮಾರು 3,200 ಲೀಟರ್. ಮೆಕ್ಕೆಜೋಳದ ಎಥೆನಾಲ್‌ಗೆ ತೈಲ ಕಂಪನಿಗಳು ಕೊಡುವ ಬೆಲೆ ಲೀಟರಿಗೆ 71 ರೂಪಾಯಿ 86 ಪೈಸೆ. ಒಂದೇ ಟ್ಯಾಂಕಿನಲ್ಲಿ 2 ಲಕ್ಷ 30 ಸಾವಿರ ರೂಪಾಯಿ ಹುಳಿಯಾಗಿ ಹೋಯಿತು. ಯೀಸ್ಟ್ ಸೊರಗಿದ ನಷ್ಟ ಇದರ ಮೇಲೆ ಬೇರೆ.

ಬ್ಯಾಕ್ಟೀರಿಯಾ ಒಳಗೆ ಬರುವುದು ಹೇಗೆ? ಪೈಪಿನ ಮೂಲೆಯಲ್ಲಿ, ಶಾಖ ತೆಗೆಯುವ ಯಂತ್ರದ ತಟ್ಟೆಗಳ ಸಂದಿಯಲ್ಲಿ ಹಳೆಯ ಗಂಜಿ ಅಂಟಿಕೊಂಡಿರುತ್ತೆ. ಅದೇ ಅವುಗಳ ಮನೆ. ‘ನಿನ್ನಿದು ತಳದಾಗ ಉಳದಿರಬಾರದು’ ಅಂದರಲ್ಲ ಕಾಕಿ! ಪ್ರತಿ ಟ್ಯಾಂಕು ಖಾಲಿಯಾದ ಮೇಲೆ ಬಿಸಿ ಕಾಸ್ಟಿಕ್ ನೀರಿನಿಂದ ತೊಳೆಯಬೇಕು. ಇದಕ್ಕೆ ನಾಲ್ಕಾರು ಗಂಟೆ ಹೋಗುತ್ತೆ. ಉತ್ಪಾದನೆಯ ಒತ್ತಡ ಬಂದಾಗ ಮೊದಲು ಕತ್ತರಿ ಬೀಳುವುದು ಈ ಗಂಟೆಗಳಿಗೇ. ಗೆಳೆಯ ಹಿಂದೆ ಕೆಲಸ ಮಾಡಿದ ಒಂದು ಕಡೆ ‘ಈ ಸಲ ಬರೀ ನೀರಲ್ಲಿ ತೊಳೀರಿ, ಟೈಮಿಲ್ಲ’ ಅಂದರಂತೆ. ಮುಂದಿನ ಮೂರು ಟ್ಯಾಂಕು ಸಾಲಾಗಿ ಹುಳಿ ಬಂದವು.

ಕೆಲವರು ಸುಲಭದ ದಾರಿ ಹಿಡಿಯುತ್ತಾರೆ: ಟ್ಯಾಂಕಿಗೆ ಆ್ಯಂಟಿಬಯೋಟಿಕ್ ಸುರಿಯುವುದು. ಬ್ಯಾಕ್ಟೀರಿಯಾ ಸಾಯುತ್ತೆ, ಯೀಸ್ಟಿಗೆ ಏನೂ ಆಗುವುದಿಲ್ಲ. ಆದರೆ ಅದರ ಶೇಷ ಮೇವಿನಲ್ಲಿ ಉಳಿಯಬಹುದು, ಔಷಧಕ್ಕೂ ಬಗ್ಗದ ಬ್ಯಾಕ್ಟೀರಿಯಾ ಹುಟ್ಟಬಹುದು. ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವಿನ ಸತ್ವವನ್ನು ಇದರ ಬದಲಿಗೆ ಬಳಸುವವರೂ ಇದ್ದಾರೆ. ನನ್ನ ಗೆಳೆಯನ ಮಾತು ಬೇರೆ: ‘ತೊಳಿಲಾರದವರು ಔಷಧ ಹುಡುಕ್ತಾರ.’

ಇನ್ನು ಶಾಖ. ಯೀಸ್ಟ್ ಕೆಲಸ ಮಾಡುವಾಗ ಬಿಸಿ ಹುಟ್ಟುತ್ತೆ. ತಣಿಸದೆ ಬಿಟ್ಟರೆ ಟ್ಯಾಂಕಿನ ಉಷ್ಣತೆ 20 ಡಿಗ್ರಿಗೂ ಹೆಚ್ಚು ಏರುವಷ್ಟು ಬಿಸಿ. 32 ಡಿಗ್ರಿಯಲ್ಲಿ ಖುಷಿಯಾಗಿರುವ ಯೀಸ್ಟ್ 38 ದಾಟಿದರೆ ಒದ್ದಾಡುತ್ತೆ. ಅದೂ ಮದ್ಯಸಾರ ಹೆಚ್ಚಾದಷ್ಟೂ ಅದಕ್ಕೆ ಬಿಸಿ ತಡೆಯುವ ಶಕ್ತಿ ಕಡಿಮೆ. ಶುರುವಿನಲ್ಲಿ 33–34 ಇದ್ದರೆ ನಡೆಯುತ್ತೆ, ಕೊನೆಯ ದಿನ 30–31ಕ್ಕೆ ಇಳಿಸಬೇಕು. ಮೂರೂ ದಿನ ಒಂದೇ ಉಷ್ಣತೆ ಇಟ್ಟು ಕೂತರೆ ಕೊನೆಯ ಸಕ್ಕರೆ ಹಾಗೇ ಉಳಿಯುತ್ತೆ.

ಕಲಬುರಗಿ ಬಿಸಿಲು ನಿಮಗೆ ಗೊತ್ತು. ಮೇ ತಿಂಗಳಲ್ಲಿ 42, 43 ಡಿಗ್ರಿ. ಹಾಗಾದರೆ ಬೇಸಿಗೆಯೇ ಶತ್ರು ಅಂದೆ. ಗೆಳೆಯ ತಲೆ ಅಲ್ಲಾಡಿಸಿದ. ‘ಬ್ಯಾಸಗಿಗಿಂತ ಮಳಿಗಾಲ ಕಾಡ್ತದ.’ ನನಗೆ ಅರ್ಥವಾಗಲಿಲ್ಲ. ಅವನು ಮಣ್ಣಿನ ಕೊಡದ ಉದಾಹರಣೆ ಕೊಟ್ಟ. ಕೊಡದ ನೀರು ಯಾವಾಗ ಹೆಚ್ಚು ತಣ್ಣಗಿರುತ್ತೆ? ಒಣ ಬಿಸಿಲಿನ ಏಪ್ರಿಲ್‌ನಲ್ಲಿ. ಶ್ರಾವಣದಲ್ಲಿ ಆ ತಂಪು ಇರುವುದಿಲ್ಲ. ಗಾಳಿ ಒಣಗಿದ್ದರೆ ನೀರು ಬೇಗ ಆವಿಯಾಗುತ್ತೆ, ಆವಿಯಾಗುವಾಗ ಶಾಖ ಎಳೆದುಕೊಂಡು ಹೋಗುತ್ತೆ. ಕಾರ್ಖಾನೆಯ ಕೂಲಿಂಗ್ ಟವರ್ ಅಂದರೆ ದೊಡ್ಡ ಮಣ್ಣಿನ ಕೊಡ. ಗಾಳಿಯಲ್ಲಿ ತೇವ ತುಂಬಿದ ಜುಲೈ–ಆಗಸ್ಟ್‌ನಲ್ಲಿ ಅದು ಸೋಲುತ್ತೆ. ಆಗ ಕೆಲವರು ಚಿಲ್ಲರ್ ಇಡುತ್ತಾರೆ, ಇಲ್ಲದವರು ಅಂಬಲಿಯನ್ನು ತೆಳ್ಳಗೆ ಮಾಡಿ ಕಡಿಮೆ ಸಕ್ಕರೆಯಲ್ಲಿ ದಿನ ದೂಡುತ್ತಾರೆ.

ಬೇಸಿಗೆಯಲ್ಲಿ ಟವರ್ ಚೆನ್ನಾಗಿ ಕೆಲಸ ಮಾಡುತ್ತೆ, ಸರಿ. ಆದರೆ ಆವಿಯಾಗಿ ಹೋಗುವ ನೀರು ಎಲ್ಲಿಂದ ತರೋದು? ನಗರಕ್ಕೇ ಭೀಮಾ, ಬೆಣ್ಣೆತೊರೆ ನೀರು ಸಾಲದಾಗುವ ಸೀಮೆ ಇದು. ಹಾಗಾಗಿ ಭಟ್ಟಿಯ ನಂತರ ಉಳಿದ ತಿಳಿಯನ್ನೇ ಮತ್ತೆ ಹಿಟ್ಟು ಕಲಸಲು ಬಳಸುತ್ತಾರೆ. ತ್ಯಾಜ್ಯ ನೀರು ಹೊರಗೆ ಬಿಡಬಾರದೆಂಬ ನಿಯಮವೂ ಇದನ್ನೇ ಬೇಡುತ್ತೆ. ಒಳ್ಳೆಯದೇ. ತೊಂದರೆ ಎಲ್ಲಿದೆ ಅಂದರೆ, ಆ ತಿಳಿಯ ಜೊತೆ ಹಿಂದಿನ ಟ್ಯಾಂಕಿನ ಹುಳಿಯೂ ಉಪ್ಪೂ ವಾಪಸ್ ಬರುತ್ತವೆ. ಅತಿಯಾಗಿ ತಿರುಗಿಸಿದರೆ ಯೀಸ್ಟ್ ಮೊದಲ ದಿನವೇ ಹುಳಿಯಲ್ಲಿ ಮುಳುಗಿ ಶುರುವಾಗುತ್ತೆ. ಎಷ್ಟು ತಿರುಗಿಸಬೇಕು ಅನ್ನೋದನ್ನು ಅಳತೆ ಮಾಡಿ ನಿರ್ಧರಿಸುವ ಕಡೆ ಇಳುವರಿ ಚೆನ್ನಾಗಿದೆ. ಅಂದಾಜಿನಲ್ಲಿ ಮಾಡುವ ಕಡೆ ಇಲ್ಲ.

ಯೀಸ್ಟಿಗೆ ಊಟವೂ ಬೇಕು. ಬರೀ ಸಕ್ಕರೆ ತಿಂದು ಯಾರು ಬದುಕುತ್ತಾರೆ? ಸಾರಜನಕ ಬೇಕು, ಅದಕ್ಕೆ ಹಾಕುವುದು ಯೂರಿಯಾ. ಹೌದು, ಹೊಲಕ್ಕೆ ಹಾಕುವ ಅದೇ ರಾಸಾಯನಿಕ. ರೈತರಿಗೆ ಸಬ್ಸಿಡಿಯಲ್ಲಿ ಬರುವ ಬೇವು ಲೇಪಿತ ಚೀಲವನ್ನು ಕಾರ್ಖಾನೆಗೆ ಬಳಸುವಂತಿಲ್ಲ, ಅದಕ್ಕೆ ಬೇರೆಯೇ ಕೈಗಾರಿಕಾ ಯೂರಿಯಾ ಇದೆ. ಕಾಳಿನಲ್ಲಿ ಪ್ರೋಟೀನ್ ಇದ್ದರೂ ಯೀಸ್ಟಿಗೆ ಅದನ್ನು ಒಡೆಯಲು ಬರುವುದಿಲ್ಲ. ಪ್ರೋಟೀನ್ ಒಡೆಯುವ ಮೂರನೇ ಕಿಣ್ವ ಸ್ವಲ್ಪ ಹಾಕಿದರೆ ಯೂರಿಯಾ ಉಳಿಯುತ್ತೆ, ಹುದುಗೂ ಚುರುಕಾಗುತ್ತೆ.

ಸಕ್ಕರೆ ಕೊಡುವುದರಲ್ಲೂ ಹದ ಇದೆ. ಇಲ್ಲೇ ನಮ್ಮ ಭಾಗದ ಕಾರ್ಖಾನೆಗಳು ಎಡವುವ ಸಾಧ್ಯತೆ ಹೆಚ್ಚು. ಅಫಜಲಪುರ, ಆಳಂದ, ಜೇವರ್ಗಿ ಕಡೆಯೆಲ್ಲ ಕಬ್ಬಿನ ಸೀಮೆ. ಕಬ್ಬಿನ ಕಾಕಂಬಿಯಿಂದ ಮದ್ಯಸಾರ ಮಾಡಿ ಗೊತ್ತಿರುವ ಕೈಗಳು. ಕಾಕಂಬಿಯಲ್ಲಿ ಸಕ್ಕರೆ ಸಿದ್ಧವಾಗಿಯೇ ಇರುತ್ತೆ. ನೀರು ಬೆರೆಸಿ ಯೀಸ್ಟ್ ಹಾಕಿದರೆ ಒಂದೂವರೆ ದಿನದೊಳಗೆ ಕೆಲಸ ಮುಗಿಯುತ್ತೆ. ಕಬ್ಬು ವರ್ಷಕ್ಕೆ ನಾಲ್ಕೈದು ತಿಂಗಳು. ಉಳಿದ ತಿಂಗಳು ಮೆಕ್ಕೆಜೋಳ ಅರೆಯುವಂತೆ ಘಟಕಗಳನ್ನು ಬದಲಿಸಿಕೊಳ್ಳಿ ಅಂತ 2025ರ ಮಾರ್ಚ್‌ನಲ್ಲಿ ಕೇಂದ್ರ ಸಹಕಾರಿ ಸಕ್ಕರೆ ಕಾರ್ಖಾನೆಗಳಿಗೆ ಬಡ್ಡಿ ಸಹಾಯಧನದ ಯೋಜನೆಯನ್ನೂ ತಂದಿತು. ಯಂತ್ರ ಬದಲಾಯಿಸಬಹುದು, ರೂಢಿ ಬದಲಾಗಬೇಕಲ್ಲ? ಮೆಕ್ಕೆಜೋಳದಲ್ಲಿ ಎಲ್ಲ ಸಕ್ಕರೆಯನ್ನು ಮೊದಲೇ ಬಿಡಿಸಿ ಯೀಸ್ಟಿನ ಮುಂದೆ ಸುರಿದರೆ ಏನಾಗುತ್ತೆ ಗೊತ್ತಾ? ಸಕ್ಕರೆ ಪಾಕದಲ್ಲಿ ಹಾಕಿದ ಮಾವಿನಕಾಯಿ ಸುಕ್ಕಾಗುವ ಹಾಗೆ ಯೀಸ್ಟಿನ ಮೈಯ ನೀರು ಹೊರಗೆ ಎಳೆದುಕೊಂಡು ಹೋಗುತ್ತೆ. ಅದಕ್ಕೇ ಎರಡನೇ ಕಿಣ್ವವನ್ನು ಹುದುಗುವ ಟ್ಯಾಂಕಿಗೇ ಹಾಕಿ, ಒಂದು ಕಡೆ ಸಕ್ಕರೆ ಬಿಡುಗಡೆಯಾಗುತ್ತಿರಲಿ, ಇನ್ನೊಂದು ಕಡೆ ಯೀಸ್ಟ್ ತಿನ್ನುತ್ತಿರಲಿ ಅನ್ನುವ ಕ್ರಮ. ಮಗುವಿಗೆ ತುತ್ತು ತುತ್ತಾಗಿ ಉಣಿಸಿದಂತೆ. ಆ ಕಿಣ್ವವನ್ನು ತಾನೇ ತಯಾರಿಸುವಂತೆ ವಂಶವಾಹಿ ಬದಲಿಸಿದ ಯೀಸ್ಟ್ ಕೂಡ ಅಮೆರಿಕದಲ್ಲಿ ಬಳಕೆಯಲ್ಲಿದೆ.

ಈಗ ನನ್ನ ತಪ್ಪಿಗೆ ಬರ್ತೀನಿ.

ಮನುಷ್ಯರು ತಿನ್ನಲು ಯೋಗ್ಯವಲ್ಲದ ಧಾನ್ಯವನ್ನು ಎಥೆನಾಲ್‌ಗೆ ಬಳಸಬಹುದು ಅಂತ 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲೇ ಇದೆ. ನಾನು ಓದಿಕೊಂಡದ್ದು ಅದನ್ನೇ. ಬಳಸಬಹುದು ನಿಜ. ಆದರೆ ಬೂಸ್ಟು ಹಿಡಿದ ಕಾಳಿನಲ್ಲಿ ಶಿಲೀಂಧ್ರ ಆಗಲೇ ಪಿಷ್ಟದ ಒಂದಿಷ್ಟನ್ನು ತಿಂದು ಮುಗಿಸಿರುತ್ತೆ. ಅಂದರೆ 62 ಅಂತ ಕೊಂಡದ್ದು ಅಷ್ಟಿರುವುದಿಲ್ಲ. ಜೊತೆಗೆ ಬ್ಯಾಕ್ಟೀರಿಯಾಗಳ ದೊಡ್ಡ ಸೈನ್ಯವೇ ಒಳಗೆ ಬರುತ್ತೆ. ಇದಕ್ಕಿಂತ ದೊಡ್ಡದು ಅಫ್ಲಾಟಾಕ್ಸಿನ್‌ನಂಥ ಶಿಲೀಂಧ್ರ ವಿಷ. ಅದು ಎಥೆನಾಲ್‌ಗೆ ಹೋಗುವುದಿಲ್ಲ, ಗಷ್ಟಿನಲ್ಲಿ ಉಳಿಯುತ್ತೆ. ಮೂರು ಪಾಲಿನಲ್ಲಿ ಎರಡು ಪಾಲು ಹೊರಟುಹೋದ ಮೇಲೆ ಉಳಿದ ಒಂದು ಪಾಲು ಮೇವಿನಲ್ಲಿ ವಿಷದ ಪ್ರಮಾಣ ಸುಮಾರು ಮೂರು ಪಟ್ಟು. ಅದನ್ನು ಎಮ್ಮೆ ತಿಂದರೆ ಹಾಲಿಗೂ ಬರುತ್ತೆ. ಆ ಹಾಲು ಯಾರು ಕುಡಿಯುತ್ತಾರೆ? ಗೇಟಿನಲ್ಲಿ ವಾಪಸ್ ಕಳಿಸಿದವರು ಮಾಡಿದ್ದು ಸರಿ. ನಾನು ಹೇಳಿದ್ದು ತಪ್ಪು. ‘ಕೊಳೆಸಿಯೇ ಮಾಡೋದು’ ಅಂದೆನಲ್ಲ, ಅದೂ ತಪ್ಪು. ಕೊಳೆಯದಂತೆ ಕಾಯುವುದೇ ಹುದುಗುವ ವಿದ್ಯೆ.

ಕಾಳಿನ ತೇವ ಶೇಕಡಾ 14 ದಾಟಬಾರದು. 2025ರಲ್ಲಿ ನಮ್ಮ ಕಡೆ ಆಗಸ್ಟ್–ಸೆಪ್ಟೆಂಬರ್ ಮಳೆ ಎಂಥದು, ಭೀಮೆ ಹೇಗೆ ಉಕ್ಕಿದಳು ಅಂತ ನೀವೇ ನೋಡಿದ್ದೀರಿ. ಹಸಿ ತೆನೆ ಕಿತ್ತು, ರಾಶಿ ಮಾಡಿ, ಮಳೆಗೆ ಹೆದರಿ ಬಿಗಿಯಾಗಿ ತಾಡಪತ್ರಿ ಮುಚ್ಚಿದರೆ ಒಳಗೆ ಕಾಳು ಬೆವರುತ್ತೆ. ಕೈ ಹಾಕಿದರೆ ಬಿಸಿ ಹತ್ತುತ್ತೆ. ಎಥೆನಾಲ್ ಕಾರ್ಖಾನೆಯ ನಷ್ಟ ಅಲ್ಲಿಂದಲೇ, ಕಾಕಾನ ಕಣದಿಂದಲೇ ಶುರುವಾಗುತ್ತೆ. ಒಣಗಿಸುವ ಯಂತ್ರ ಇಲ್ಲದ ಊರಿನಲ್ಲಿ ರೈತ ಏನು ಮಾಡಬೇಕು ಅನ್ನುವುದು ಬೇರೆ ಪ್ರಶ್ನೆ. ಅದು ನಮ್ಮ ಒಂಬತ್ತರ ಚರ್ಚೆಯಲ್ಲಿ ಒಮ್ಮೆಯೂ ಬರಲಿಲ್ಲ.

ಸರಿ, ಹುದುಗು ಸುಧಾರಿಸಿದರೆ ರೈತನಿಗೇನು? ಲೆಕ್ಕ ಸರಳ. ಒಂದು ಟನ್ ಕಾಳಿಗೆ ಬೆಂಬಲ ಬೆಲೆ ಕೊಟ್ಟರೆ 24,000 ರೂಪಾಯಿ. 380 ಲೀಟರ್ ಎಥೆನಾಲ್ ಮಾರಿದರೆ ಬರುವುದು 27,307. ಮಧ್ಯೆ ಉಳಿಯುವ 3,307 ರೂಪಾಯಿ ಮತ್ತು ಮೇವು ಮಾರಿದ ದುಡ್ಡಿನಲ್ಲಿ ಕಿಣ್ವ, ಉಗಿ, ಕರೆಂಟು, ಸಂಬಳ, ಬ್ಯಾಂಕ್ ಬಡ್ಡಿ ಎಲ್ಲ ಆಗಬೇಕು. ‘2,400 ಕೊಟ್ಟರೆ ನಮಗೆ ಗಿಟ್ಟಲ್ಲ’ ಅಂತ ಕಾರ್ಖಾನೆಯವರು ಅನ್ನುವುದು ಇದಕ್ಕೇ. ಆದರೆ ಟ್ಯಾಂಕು ಚೆನ್ನಾಗಿ ನಡೆಸಿ ಟನ್‌ಗೆ 10 ಲೀಟರ್ ಹೆಚ್ಚು ತೆಗೆದರೆ? ಕ್ವಿಂಟಲ್‌ಗೆ ಒಂದು ಲೀಟರ್ ಹೆಚ್ಚು, ಅಂದರೆ ಕ್ವಿಂಟಲ್‌ಗೆ ಸುಮಾರು 72 ರೂಪಾಯಿ. 380ನ್ನು 410 ಮಾಡಿದರೆ ಕ್ವಿಂಟಲ್‌ಗೆ 215 ರೂಪಾಯಿ. ಹೊಸ ಕಾಳು ಬೇಡ, ಹೊಸ ಹೊಲ ಬೇಡ. ತೊಳೆದ ಪೈಪು, ಸರಿಯಾದ ಉಷ್ಣತೆ, ಗಂಟೆಗಂಟೆಗೆ ತೆಗೆದ ಸ್ಯಾಂಪಲ್ಲು ಸಾಕು. ಬೆಂಬಲ ಬೆಲೆ ಕೊಡಲು ಗಿಟ್ಟುವುದಿಲ್ಲ ಅನ್ನುವ ವಾದದ ದೊಡ್ಡ ಭಾಗಕ್ಕೆ ಉತ್ತರ ಟ್ಯಾಂಕಿನೊಳಗೇ ಇದೆ.

ಇಲ್ಲಿಗೆ ನಿಲ್ಲಿಸಿದರೆ ನಾನು ಮತ್ತೆ ಅರ್ಧ ಸತ್ಯ ಹೇಳಿದ ಹಾಗಾಗುತ್ತೆ.

ಎಥೆನಾಲ್ ಕೊಳ್ಳುವವರು ಸರ್ಕಾರಿ ತೈಲ ಕಂಪನಿಗಳು. 2014ರಲ್ಲಿ ಪೆಟ್ರೋಲ್‌ನಲ್ಲಿ ಶೇಕಡಾ ಒಂದೂವರೆಯಷ್ಟಿದ್ದ ಮಿಶ್ರಣ 2025ರಲ್ಲಿ 20ಕ್ಕೆ ಬಂತು. ಡಿಸೆಂಬರ್ 2023ರಲ್ಲಿ ಕಬ್ಬಿನ ರಸದಿಂದ ಎಥೆನಾಲ್ ಮಾಡುವುದಕ್ಕೆ ಕಡಿವಾಣ ಬಿದ್ದಾಗ ಮೆಕ್ಕೆಜೋಳಕ್ಕೆ ಅದೃಷ್ಟ ತೆರೆಯಿತು. ಮರುತಿಂಗಳೇ ಲೀಟರಿಗೆ 5 ರೂಪಾಯಿ 79 ಪೈಸೆ ಪ್ರೋತ್ಸಾಹ ಸೇರಿ 71.86 ಆಯಿತು. ದೇಶದ ತುಂಬ ಕಾರ್ಖಾನೆಗಳು ಎದ್ದವು. 2025–26ಕ್ಕೆ ಕಂಪನಿಗಳಿಗೆ ಬೇಕಾಗಿದ್ದದ್ದು 1,050 ಕೋಟಿ ಲೀಟರ್. ನಾವು ಕೊಡ್ತೀವಿ ಅಂತ ಕಾರ್ಖಾನೆಗಳು ಮುಂದಿಟ್ಟದ್ದು 1,776 ಕೋಟಿ ಲೀಟರ್! ಹಾಗಾಗಿ ಪ್ರತಿಯೊಬ್ಬರಿಗೂ ಪಾಲು ಹಂಚಿದರು. ಪಾಲು ಇಷ್ಟೇ ಅಂತ ಗೊತ್ತಾದ ಮೇಲೆ, ಚೆನ್ನಾಗಿ ಹುದುಗಿಸುವ ಕಾರ್ಖಾನೆ ಏನು ಮಾಡುತ್ತೆ? ಒಂದು ಕೋಟಿ ಲೀಟರ್ ಪಾಲಿಗೆ 380ರ ಲೆಕ್ಕದಲ್ಲಿ 26,300 ಟನ್ ಕಾಳು ಬೇಕು. 410ರ ಲೆಕ್ಕದಲ್ಲಿ 24,400 ಸಾಕು. ಸುಮಾರು 1,900 ಟನ್ ಕಾಳನ್ನು ಅದು ಕೊಳ್ಳುವುದೇ ಇಲ್ಲ. ಆ ಟನ್ನುಗಳು ಕಾಕಾನಂಥವರ ಕಣದಲ್ಲೇ ಉಳಿಯುತ್ತವೆ.

ಉಳಿತಾಯ ರೈತನಿಗೂ ಹೋಗಬೇಕು ಅನ್ನುವ ಕಟ್ಟಳೆಯೂ ಇಲ್ಲ. ಕಬ್ಬಿಗೆ ಎಫ್‌ಆರ್‌ಪಿ ಇದೆ. 1966ರ ಕಬ್ಬು ನಿಯಂತ್ರಣ ಆದೇಶದ ಬಲದಿಂದ ಕಾರ್ಖಾನೆ ಅದನ್ನು ಕೊಡಲೇಬೇಕು. ಕಬ್ಬಿನ ಇಳುವರಿ ಹೆಚ್ಚಿದರೆ ದರವೂ ಏರುತ್ತೆ. ಮೆಕ್ಕೆಜೋಳದ ಬೆಂಬಲ ಬೆಲೆಗೆ ಆ ಬಲ ಇಲ್ಲ. ಎಥೆನಾಲ್‌ನ ದರ ಸರ್ಕಾರ ಗೊತ್ತು ಮಾಡುತ್ತೆ, ಕಾಳಿನ ದರವನ್ನು ಗಂಜಿನ ಗದ್ದಲಕ್ಕೆ ಬಿಟ್ಟಿದೆ. ನನ್ನ ಅಭಿಪ್ರಾಯ ಕೇಳಿದರೆ, 71.86 ಪಡೆಯುವ ಕಾರ್ಖಾನೆ 14ರ ತೇವದ ಒಳಗಿನ ಶುದ್ಧ ಕಾಳಿಗೆ ಬೆಂಬಲ ಬೆಲೆ ಕೊಟ್ಟ ರಸೀದಿಯನ್ನು ಬಿಲ್ಲಿನ ಜೊತೆ ಇಡಬೇಕು ಅನ್ನುವ ಷರತ್ತು ಹಾಕಲಿ. ಚೆನ್ನಾಗಿ ಟ್ಯಾಂಕು ನಡೆಸುವವರು ಅದರಿಂದ ಮುಳುಗುವುದಿಲ್ಲ. ಪೈಪು ತೊಳೆಯದವರಿಗೆ ಕಷ್ಟವಾಗಬಹುದು, ಆಗಲಿ.

ಸಂಕ್ರಾಂತಿಯ ಮರುದಿನ ಕಾಕಾ ಮತ್ತೆ ಫೋನ್ ಮಾಡಿದರು. ಉಳಿದ ಮಾಲನ್ನು ನಾಲ್ಕು ದಿನ ಬಿಸಿಲಿಗೆ ಹರವಿ, ದಿನಕ್ಕೆ ಮೂರು ಸಲ ಕಾಲಾಡಿಸಿ ಒಣಗಿಸಿದ್ದರಂತೆ. ‘ಮಷೀನಿನಾಗ ಹದಿಮೂರುವರಿ ಬಂತು ತಮ್ಮಾ. ಈ ಸಲ ಗೇಟಿನಾಗ ಏನೂ ಅನ್ಲಿಲ್ಲ, ತಗೊಂಡ್ರು.’

‘ಬೆಲೆ ಎಷ್ಟು ಕೊಟ್ಟರು ಕಾಕಾ?’

‘ಬೆಲಿ ಹಳೇದೇ. ಹಸೀದಕ್ಕೂ ಒಣಗಿದ್ದಕ್ಕೂ ಬರೇ ನೂರು ರೂಪಾಯಿ ಫರಕು. ಒಣಗಿಸಿದ್ರ ತೂಕ ಕಮ್ಮಿ ಆಗ್ತದಲ್ಲ, ಅದು ಅದಕ್ಕೇ ಸರಿ ಹೋತು. ಆ ಮೂವತ್ತು ಲೀಟರಿಂದು ಲೆಕ್ಕ ಹೇಳಿದ್ರಲ್ಲ, ಅದನ್ನ ಟೀವಿಯಾಗ ಒಮ್ಮೆ ಹೇಳ್ರಿ. ಗೇಟಿನಾಗಿನವ್ರೂ ನಿಮ್ಮ ಚಾನೆಲ್ಲೇ ನೋಡ್ತಾರ.’